ಹಳದಿ ಪ್ಯಾಡ್ ಎಂದರೆ ಯಾವ ಹಳದಿ?

ಕಾರು ಪಾಲಿಶ್ ಮಾಡುವ ನಮ್ಮ ಶೆಡ್ಡಿಗೆ ಕೆಲಸ ಕಲಿಯಲು ಬರುವ ಪ್ರತಿ ಹುಡುಗನೂ ಮೊದಲ ವಾರದಲ್ಲಿಯೇ ಕೇಳುತ್ತಾನೆ: ‘ಅಣ್ಣಾ, ಈ ಕಾರಿಗೆ ಯಾವ ಬಣ್ಣದ ಪ್ಯಾಡ್ ಹಾಕಲಿ?’ ಪ್ಯಾಡ್ ಎಂದರೆ ಪಾಲಿಶ್ ಮಶೀನಿನ ತುದಿಗೆ ಅಂಟಿಸುವ ಮೆತ್ತನೆಯ ಬಿಲ್ಲೆ. ನಾನು ಬಣ್ಣ ಹೇಳುವುದಿಲ್ಲ. ಕಪಾಟಿನಿಂದ ಎರಡು ಹಳದಿ ಪ್ಯಾಡ್ ತೆಗೆದು ಅವನ ಕೈಗಿಟ್ಟು, ಹೆಬ್ಬೆರಳಿನಿಂದ ಒತ್ತಿ ನೋಡು ಎನ್ನುತ್ತೇನೆ. ಒಂದರಲ್ಲಿ ಬೆರಳು ಸಲೀಸಾಗಿ ಇಳಿಯುತ್ತದೆ, ಇನ್ನೊಂದು ಬೆರಳನ್ನು ತಡೆದು ನಿಲ್ಲಿಸುತ್ತದೆ. ಮೊದಲನೆಯದು ಇಟಲಿಯ ರೂಪೆಸ್ ಕಂಪನಿಯದು. ಅವರಲ್ಲಿ ನೀಲಿ ಒರಟು, ಹಳದಿ ನಯ, ಬಿಳಿ ಅತಿ ನಯ. ಎರಡನೆಯದು ಅಮೆರಿಕದ ಲೇಕ್ ಕಂಟ್ರಿಯದು. ಅವರ ಹಳೆಯ ಸಾಲಿನಲ್ಲಿ ಹಳದಿ ಎಂದರೆ ಆಳದ ಗೀರು ತೆಗೆಯುವ ಗಟ್ಟಿ ಕಟಿಂಗ್ ಪ್ಯಾಡ್, ಕಿತ್ತಳೆ ಅದಕ್ಕಿಂತ ಸೌಮ್ಯ, ಬಿಳಿ ಪಾಲಿಶಿಗೆ, ಕಪ್ಪು ಕೊನೆಯ ಹೊಳಪಿಗೆ. ಎಲ್ಲ ಕಂಪನಿಗಳೂ ಒಪ್ಪಿಕೊಂಡ ಬಣ್ಣದ ನಿಯಮ ಎಂಬುದೇ ಇಲ್ಲ. ಒಂದೇ ಕಂಪನಿಯ ಬೇರೆ ಸಾಲಿನಲ್ಲಿಯೂ ಬಣ್ಣದ ಅರ್ಥ ಬದಲಾಗಬಹುದು.

ಇದನ್ನು ನಾನು ಕಲಿತದ್ದು ಗಿರಾಕಿಯ ಕಾರಿನ ಮೇಲೆ. ಗೋಕುಲ ರಸ್ತೆಯಲ್ಲಿ ಶೆಡ್ ಹಾಕಿದ ಹೊಸದರಲ್ಲಿ ಒಂದು ಕಪ್ಪು ಕಾರು ಬಂದಿತ್ತು. ಕೊನೆಯ ಸುತ್ತಿನ ಪ್ಯಾಡ್ ಹರಿದುಹೋಗಿ, ಅಂಗಡಿಯಿಂದ ಬೇರೆ ಕಂಪನಿಯ ಹಳದಿ ಪ್ಯಾಡ್ ತರಿಸಿದೆ. ಟ್ಯೂಬ್‌ಲೈಟಿನ ಬೆಳಕಿನಲ್ಲಿ ಎಲ್ಲವೂ ಕನ್ನಡಿಯಂತೆ ಕಂಡಿತು. ಮರುದಿನ ಬೆಳಿಗ್ಗೆ ಮಾಲೀಕರು ಉಣಕಲ್ ಕೆರೆಯ ಬಳಿ ಕಾರು ನಿಲ್ಲಿಸಿ ಫೋನ್ ಮಾಡಿದರು. ಬಿಸಿಲು ಬಿದ್ದೊಡನೆ ಬಾನೆಟ್ಟಿನ ತುಂಬ ಮಸುಕು ಮಸುಕಾದ ಸುತ್ತುಗೀರು ಎದ್ದಿದ್ದವು. ಹಣ ಪಡೆಯದೆ ಮತ್ತೊಮ್ಮೆ ಪಾಲಿಶ್ ಮಾಡಿಕೊಟ್ಟೆ. ಆದರೆ ಎರಡು ಸಲ ಉಜ್ಜಿದ್ದರಿಂದ ಸವೆದ ಕ್ಲಿಯರ್ ಕೋಟನ್ನು, ಅಂದರೆ ಬಣ್ಣದ ಮೇಲಿನ ಪಾರದರ್ಶಕ ಪದರವನ್ನು, ಮರಳಿಸಲು ನನ್ನಿಂದ ಆಗಲಿಲ್ಲ, ಯಾರಿಂದಲೂ ಆಗದು. ಆ ಕಾರು ಈಗಲೂ ನನ್ನನ್ನು ಕಾಡುತ್ತದೆ.

ಕಾರ್ಖಾನೆಯಿಂದ ಬಂದ ಕಾರಿನ ಮೇಲೆ ಪ್ರೈಮರ್, ಬಣ್ಣ, ಕ್ಲಿಯರ್ ಕೋಟ್ ಎಲ್ಲ ಸೇರಿ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್ ದಪ್ಪ ಇರುತ್ತದೆ. ಅದರಲ್ಲಿ ಮೇಲಿನ ಕ್ಲಿಯರ್ ಕೋಟ್ ಹೆಚ್ಚುಕಡಿಮೆ 40ರಿಂದ 50 ಮೈಕ್ರಾನ್; ತಲೆಗೂದಲಿಗಿಂತಲೂ ತೆಳು. ಪಾಲಿಶ್ ಎಂದರೆ ಗೀರನ್ನು ತುಂಬುವುದು ಎಂದು ಅನೇಕರು ತಿಳಿದಿದ್ದಾರೆ. ಗೀರಿನ ಸುತ್ತಲಿನ ಮೇಲ್ಮೈಯನ್ನು ಗೀರಿನ ತಳದ ಮಟ್ಟಕ್ಕೆ ಇಳಿಸುವುದೇ ಪಾಲಿಶ್. ಹಾಗಾಗಿ ಅಗತ್ಯಕ್ಕಿಂತ ಒಂದು ಹಂತ ಗಟ್ಟಿಯಾದ ಪ್ಯಾಡ್ ಹಾಕಿದರೆ ಕಾರಿನ ಆಯುಷ್ಯದಿಂದಲೇ ಸ್ವಲ್ಪ ಕಳೆದಂತೆ. ಬಣ್ಣದ ದಪ್ಪ ಅಳೆಯುವ ಮಾಪಕ ಇಲ್ಲದೆ ನಾನು ಮಶೀನನ್ನು ಕೈಗೆತ್ತಿಕೊಳ್ಳುವುದಿಲ್ಲ.

ಹೆಬ್ಬೆರಳಿಗೆ ಗೊತ್ತಾಗುವುದು ಪ್ಯಾಡಿನ ಗಟ್ಟಿತನ. ಪ್ಯಾಡುಗಳು ಪಾಲಿಯುರೆಥೇನ್ ಫೋಮಿನವು. ಗಟ್ಟಿ ಫೋಮ್ ಒತ್ತಡಕ್ಕೆ ಬಗ್ಗದೆ ಕಾಂಪೌಂಡಿನ (ಪ್ಯಾಡಿಗೆ ಹಚ್ಚುವ, ಉಜ್ಜುವ ಕಣಗಳಿರುವ ಲೇಪ) ಕಣಗಳನ್ನು ಮೇಲ್ಮೈಗೆ ಒತ್ತಿ ಹಿಡಿಯುತ್ತದೆ, ಹಾಗಾಗಿ ಹೆಚ್ಚು ಕೊರೆಯುತ್ತದೆ. ಮೆತ್ತನೆಯ ಫೋಮ್ ತಾನೇ ತಗ್ಗಿ ಆ ಒತ್ತಡವನ್ನು ನುಂಗಿಕೊಳ್ಳುತ್ತದೆ. ಒಂದೇ ಬಾಟಲಿಯ ಕಾಂಪೌಂಡ್ ಕಟಿಂಗ್ ಪ್ಯಾಡಿನ ಮೇಲೆ ಒಂದು ಬಗೆ, ಫಿನಿಶಿಂಗ್ ಪ್ಯಾಡಿನ ಮೇಲೆ ಇನ್ನೊಂದು ಬಗೆ ವರ್ತಿಸುವುದು ಇದರಿಂದಲೇ. ಜನ ದುಬಾರಿ ಕಾಂಪೌಂಡಿಗೆ ಹಣ ಸುರಿಯುತ್ತಾರೆ, ಪ್ಯಾಡ್ ಕೊಳ್ಳುವಾಗ ಮಾತ್ರ ಕೈ ಬಿಗಿಹಿಡಿಯುತ್ತಾರೆ. ಅದು ನನಗೆ ಸರಿ ಕಾಣುವುದಿಲ್ಲ. ಇನ್ನು ಫೋಮಿನ ರಂಧ್ರ: ತೆರೆದ ರಂಧ್ರದ ಫೋಮಿನಲ್ಲಿ ಗಾಳಿ ಆಡುತ್ತದೆ, ಬಿಸಿ ಹೊರಹೋಗುತ್ತದೆ. ಮುಚ್ಚಿದ ರಂಧ್ರದ್ದು ಕಾಂಪೌಂಡನ್ನು ಹೀರಿಕೊಳ್ಳದೆ ಮೇಲೆಯೇ ಉಳಿಸಿಕೊಳ್ಳುತ್ತದೆ, ಆದರೆ ಬೇಗ ಕಾಯುತ್ತದೆ. ನಮ್ಮ ಏಪ್ರಿಲ್ ತಿಂಗಳ ಧಗೆಯಲ್ಲಿ ನಾನು ತೆರೆದ ರಂಧ್ರದ, ನಡುವೆ ತೂತಿರುವ ತೆಳು ಪ್ಯಾಡನ್ನೇ ಆರಿಸುತ್ತೇನೆ.

ಹಾಗಾದರೆ ಯಾವ ಕಾರಿಗೆ ಯಾವುದು? ಮೊದಲು ಗೀರು ಎಲ್ಲಿಂದ ಬಂದವು ಎಂದು ನೋಡಬೇಕು. ನವಲಗುಂದ, ಅಣ್ಣಿಗೇರಿ, ರೋಣದ ಕಡೆಯಿಂದ ಬರುವ ಕಾರುಗಳ ಮೇಲೆ ಎರೆಮಣ್ಣಿನ ಪುಡಿ ಕೂತಿರುತ್ತದೆ, ಅದರೊಂದಿಗೆ ರಸ್ತೆಯ ಮರಳಿನ ಕಣವೂ ಇರುತ್ತದೆ. ಚಾಲಕರು ಬೆಳಿಗ್ಗೆ ಒಣ ಬಟ್ಟೆಯಿಂದ ಝಾಡಿಸಿ ಒರೆಸುತ್ತಾರೆ. ಹಾಗೆ ಒರೆಸಿದ ಬಟ್ಟೆಯೇ ಬಾನೆಟ್ಟಿನ ಮೇಲೆ ಜೇಡರ ಬಲೆಯಂಥ ಸಣ್ಣ ಗೀರುಗಳನ್ನು ನೇಯುತ್ತದೆ. ಇವು ಆಳದವಲ್ಲ, ಬಹುಪಾಲು ಮಧ್ಯಮ ಪಾಲಿಶಿಂಗ್ ಪ್ಯಾಡಿಗೇ ಹೋಗುತ್ತವೆ. ಕೊಳವೆಬಾವಿಯ ಗಡಸು ನೀರಿನಿಂದ ತೊಳೆದು ಬಿಸಿಲಿನಲ್ಲಿ ಒಣಗಲು ಬಿಟ್ಟ ಕಾರಿನ ಬಿಳಿ ಚುಕ್ಕೆಗಳ ಕಥೆ ಬೇರೆ. ಅದು ಮೇಲೆ ಕೂತ ಲವಣ. ಅದನ್ನು ಮೊದಲು ಅದಕ್ಕೆಂದೇ ಇರುವ ದ್ರಾವಣದಿಂದ ಕರಗಿಸಿ ತೆಗೆಯಬೇಕು, ಆಮೇಲೂ ಗುಳಿ ಉಳಿದಿದ್ದರೆ ಪ್ಯಾಡ್.

ಬನದ ಹುಣ್ಣಿಮೆಯ ನಂತರ ಸವದತ್ತಿ ಯಲ್ಲಮ್ಮನ ಗುಡ್ಡಕ್ಕೆ ಹೋಗಿಬಂದ ಬಿಳಿ ಕಾರುಗಳು ಸಾಲಾಗಿ ಬರುತ್ತವೆ, ಮೈಮೇಲೆ ಭಂಡಾರದ ಹಳದಿ ಕಲೆ. ಗಟ್ಟಿ ಪ್ಯಾಡ್ ಹಾಕಿ ತೆಗೆದುಬಿಡಿ ಎಂದು ಕೇಳುತ್ತಾರೆ. ಅರಿಸಿನದ ಬಣ್ಣ ಬಿಸಿಲಿಗೆ ತಾನಾಗಿ ಮಾಸುತ್ತದೆ. ಚೆನ್ನಾಗಿ ತೊಳೆಸಿ ಕೆಲವು ದಿನ ಬಿಸಿಲಿನಲ್ಲಿ ನಿಲ್ಲಿಸಿ ಎಂದು ಹೇಳಿ ಕಳುಹಿಸುತ್ತೇನೆ. ಗಿರಾಕಿ ಕೈತಪ್ಪುತ್ತಾನೆ ಎಂದು ನಮ್ಮ ಹುಡುಗರು ಬೇಸರಿಸುತ್ತಾರೆ, ಆದರೂ ಅದಕ್ಕೆ ಮಶೀನ್ ಇಡುವುದು ನನ್ನ ಮನಸ್ಸಿಗೆ ಒಪ್ಪುವುದಿಲ್ಲ.

ಪ್ಯಾಡಿನ ತೀರ್ಮಾನ ಆಗುವುದು ಕಾರಿನ ಮೇಲೆಯೇ. ಬಾನೆಟ್ಟಿನ ಒಂದು ಮೂಲೆಯಲ್ಲಿ ಟೇಪ್ ಹಚ್ಚಿ ಎರಡು ಅಡಿ ಚೌಕ ಮಾಡಿಕೊಳ್ಳುತ್ತೇನೆ. ಅಲ್ಲಿ ಮೊದಲು ಅತಿ ಮೆತ್ತನೆಯ ಪ್ಯಾಡ್, ನಯವಾದ ಪಾಲಿಶ್. ಒರೆಸಿ, ಟಾರ್ಚ್ ಹಿಡಿದು ನೋಡಿ, ಗೀರು ಉಳಿದಿದ್ದರೆ ಮಾತ್ರ ಒಂದು ಹಂತ ಮೇಲೆ. ಹೆಚ್ಚಿನ ಸಲ ಎರಡನೆಯ ಪ್ಯಾಡಿನಲ್ಲಿಯೇ ಉತ್ತರ ಸಿಗುತ್ತದೆ. ಕೆಲವು ಕಪ್ಪು ಕಾರುಗಳ ಕ್ಲಿಯರ್ ಕೋಟ್ ಎಷ್ಟು ಮೃದು ಎಂದರೆ ಪ್ಯಾಡೇ ಅದರ ಮೇಲೆ ಗೀರು ಬಿಡುತ್ತದೆ. ಇನ್ನು ಕೆಲವದರ ಮೇಲೆ ಫೋಮ್ ಎಷ್ಟು ತಿರುಗಿದರೂ ಏನೂ ಆಗುವುದಿಲ್ಲ, ಆಗ ಮೈಕ್ರೋಫೈಬರ್ ಪ್ಯಾಡ್ ತೆಗೆಯಬೇಕಾಗುತ್ತದೆ. ಹೊರಗಿನಿಂದ ನೋಡಿ ಇದನ್ನು ಹೇಳಲಾಗದು. ಉಣ್ಣೆಯ ಪ್ಯಾಡಿಗೂ ಅದರದೇ ಜಾಗವಿದೆ: ಹೊಸದಾಗಿ ಪೇಂಟ್ ಹೊಡೆದು 2000 ನಂಬರಿನ ಮರಳುಕಾಗದದಿಂದ ತಿಕ್ಕಿದ ಭಾಗದ ಮಸುಕು ತೆಗೆಯಲು ಅದಕ್ಕೆ ಸಮನಿಲ್ಲ. ವರ್ಷಕ್ಕೊಮ್ಮೆ ಖಂಡೇನವಮಿಗೆ ಹೊಳೆಯಲಿ ಎಂದು ಬರುವ ಕಾರಿಗೆ ಉಣ್ಣೆ ಬೇಡವೇ ಬೇಡ.

ಮಶೀನಿಗೂ ಪ್ಯಾಡಿಗೂ ಹೊಂದಿಕೆ ಇರಬೇಕು. ರೋಟರಿ ಒಂದೇ ಅಕ್ಷದಲ್ಲಿ ತಿರುಗುವುದರಿಂದ ದಪ್ಪ ಫೋಮ್ ನಡೆಯುತ್ತದೆ. ತಿರುಗುತ್ತಲೇ ಓಲಾಡುವ ಡ್ಯುಯಲ್ ಆ್ಯಕ್ಷನ್ ಮಶೀನಿನಲ್ಲಿ ಆ ಸಣ್ಣ ಓಲಾಟವನ್ನು ದಪ್ಪ ಫೋಮ್ ತಾನೇ ನುಂಗಿಬಿಡುತ್ತದೆ, ಬಣ್ಣಕ್ಕೆ ತಲುಪುವುದು ಕಡಿಮೆ. ಅದಕ್ಕೆ ತೆಳು ಪ್ಯಾಡ್ ಬೇಕು. ಮಶೀನಿನಲ್ಲಿ ಪ್ಯಾಡ್ ಅಂಟಿಸುವ ತಟ್ಟೆ ಐದು ಇಂಚಿನದಾದರೆ ಐದೂವರೆ ಇಂಚಿನ ಪ್ಯಾಡ್. ಎರಡೂ ಸಮನಾಗಿದ್ದರೆ ತಟ್ಟೆಯ ಗಟ್ಟಿ ಅಂಚು ಒಂದಲ್ಲ ಒಂದು ಬಾರಿ ಬಾಗಿಲಿನ ಉಬ್ಬಿದ ಅಂಚಿಗೆ ತಾಗುತ್ತದೆ. ತಟ್ಟೆಯ ಅಂಚಿಗೆ ಮಾರ್ಕರಿನಿಂದ ಒಂದು ಗೆರೆ ಎಳೆದುಕೊಳ್ಳಿ. ಗೆರೆ ತಿರುಗುವುದು ಕಾಣುತ್ತಿದ್ದರೆ ಕೆಲಸ ನಡೆದಿದೆ; ನಿಂತಂತೆ ಕಂಡರೆ ಕೈಯ ಭಾರ ಹೆಚ್ಚಾಗಿದೆ. ಕಿಟಕಿಯ ಕಂಬ, ಕನ್ನಡಿ, ಹಿಡಿಕೆಯ ಸುತ್ತ ಮೂರು ಇಂಚಿನ ಪ್ಯಾಡ್.

ಒಂದೇ ಪ್ಯಾಡಿನಲ್ಲಿ ಇಡೀ ಕಾರು ಮುಗಿಸುವ ಅಭ್ಯಾಸವನ್ನು ದಯವಿಟ್ಟು ಬಿಡಿ. ಕಾಂಪೌಂಡ್ ಹೀರಿ ಒದ್ದೆಯಾಗಿ ಕಾದ ಫೋಮ್ ಸೋಲುತ್ತದೆ. ಬಾನೆಟ್ಟಿನಲ್ಲಿ ಕಟಿಂಗ್ ಪ್ಯಾಡ್ ಆಗಿದ್ದದ್ದು ಡಿಕ್ಕಿ ತಲುಪುವ ಹೊತ್ತಿಗೆ ಒದ್ದೆ ಸ್ಪಂಜು. ಉಜ್ಜಿ ತೆಗೆದ ಹಳೆಯ ಬಣ್ಣದ ಧೂಳು ಅದರಲ್ಲಿ ಗಂಟುಕಟ್ಟಿ ಹೊಸ ಗೀರು ಹಾಕುತ್ತದೆ. ಒಂದು ಸೆಡಾನಿಗೆ ಒಂದೇ ಬಗೆಯ ಆರು ಪ್ಯಾಡ್ ಇಟ್ಟುಕೊಂಡು, ಪ್ರತಿ ಚೌಕಕ್ಕೊಮ್ಮೆ ಬ್ರಷ್ಷಿನಿಂದಲೋ ಕಂಪ್ರೆಸರ್ ಗಾಳಿಯಿಂದಲೋ ಶುಚಿ ಮಾಡಿ, ಒಂದೆರಡು ಭಾಗ ಮುಗಿದೊಡನೆ ಬದಲಿಸುತ್ತೇನೆ. ಕಾಂಪೌಂಡ್ ನಾಲ್ಕೈದು ಹನಿ ಸಾಕು, ಬಟಾಣಿಯ ಗಾತ್ರದವು.

ಸಂಜೆ ಎಲ್ಲ ಪ್ಯಾಡನ್ನೂ ಉಗುರುಬೆಚ್ಚಗಿನ ನೀರಿನಲ್ಲಿ ಸೌಮ್ಯ ಸೋಪು ಹಾಕಿ ಹಿಂಡಿ, ನೆರಳಿನಲ್ಲಿ ಫೋಮ್ ಕೆಳಗೆ, ವೆಲ್ಕ್ರೋ ಮೇಲೆ ಬರುವಂತೆ ತಂತಿಯ ಜಾಲರಿಯ ಮೇಲೆ ಒಣಗಿಸುತ್ತೇವೆ. ಹೀಗೆ ಇಟ್ಟರೆ ನೀರು ಅಂಟಿನ ಪದರಕ್ಕೆ ಇಳಿಯುವುದಿಲ್ಲ. ಕುದಿನೀರು, ಕಡು ಬಿಸಿಲು ಎರಡೂ ಅಂಟನ್ನು ಬಿಡಿಸುತ್ತವೆ. ಒಣಗಿದ ಮೇಲೆ ಮತ್ತೆ ಹೆಬ್ಬೆರಳಿನ ಪರೀಕ್ಷೆ. ಒತ್ತಿದ ಗುಳಿ ಎದ್ದುಬರದ ಪ್ಯಾಡ್ ಇನ್ನು ಬಣ್ಣಕ್ಕೆ ಮುಟ್ಟುವುದಿಲ್ಲ. ಅದನ್ನು ನಾಲ್ಕು ತುಂಡು ಮಾಡಿ, ಟೈರಿಗೆ ಕಪ್ಪು ಹಚ್ಚಲು ಬೇರೆ ಡಬ್ಬಿಯಲ್ಲಿ ಹಾಕಿಡುತ್ತೇವೆ.