ಗಿಳಿಮೀನು ಹವಳವನ್ನು ತಿಂದು ಮುಗಿಸುತ್ತದೆಯೆ?

ಪ್ರಶ್ನೆ: ನೇತ್ರಾಣಿಯಲ್ಲಿ ಡೈವಿಂಗ್ ಮಾಡುವಾಗ ಗಿಳಿಮೀನು ಹವಳ ಕಡಿಯುವ ಕಟಕಟ ಸದ್ದು ಕೇಳಿಸಿತು. ಈ ಮೀನುಗಳನ್ನು ಹಿಡಿದು ಕಡಿಮೆ ಮಾಡಿದರೆ ಹವಳಕ್ಕೆ ಒಳ್ಳೆಯದಲ್ಲವೆ?

ಉತ್ತರ: ಖಂಡಿತ ಅಲ್ಲ. ಪ್ರತಿ ಸೀಸನ್‌ನಲ್ಲೂ ಇದೇ ಪ್ರಶ್ನೆ ಬರುತ್ತದೆ, ಆದ್ದರಿಂದ ಈ ಸಲ ಬಿಡಿಸಿಯೇ ಹೇಳುತ್ತೇನೆ.

ಸದ್ದು ಕೇಳಿಸಿದ್ದು ನಿಜ. ಆದರೆ ಮೀನು ಬಾಯಿ ಹಾಕಿದ ಜಾಗವನ್ನು ಹತ್ತಿರದಿಂದ ನೋಡಿ. ಬಹುಪಾಲು ಅದು ಜೀವಂತ ಹವಳವಲ್ಲ. ಹವಳ ಸತ್ತ ಮೇಲೆ ಉಳಿದ ಸುಣ್ಣದ ಕಲ್ಲು, ಅದರ ಮೇಲೆ ಪಾಚಿಯ ತೆಳು ಹಾಸು. ಆ ಹಾಸಿನಲ್ಲಿ, ಕಲ್ಲಿನ ಮೇಲ್ಪದರದಲ್ಲಿ ಇರುವ ಸೂಕ್ಷ್ಮಜೀವಿಗಳೇ ಈ ಮೀನಿನ ಊಟ. ಕಲ್ಲು ಕೆರೆಯದೆ ಅವು ದಕ್ಕುವುದಿಲ್ಲ. ಹಲ್ಲುಗಳೆಲ್ಲ ಬೆಸೆದು ಕೊಕ್ಕಾಗಿರುವುದೂ ಅದಕ್ಕೇ. ಕೆಲವು ಜಾತಿಗಳು ಆಗೊಮ್ಮೆ ಈಗೊಮ್ಮೆ ಜೀವಂತ ಹವಳಕ್ಕೂ ಬಾಯಿ ಹಾಕುತ್ತವೆ. ದೊಡ್ಡ ಪ್ರಮಾಣದಲ್ಲಿ ತಿನ್ನುವುದು ಹಣೆ ಉಬ್ಬಿದ ದೈತ್ಯ ಗಿಳಿಮೀನು. ಅದೊಂದನ್ನು ತೋರಿಸಿ ಸುಮಾರು 100 ಜಾತಿಗಳ ಮೇಲೆ ಅಪವಾದ ಹೊರಿಸುವುದು ಅನ್ಯಾಯ.

ಕೆರೆದ ಜಾಗವೇ ಹವಳಕ್ಕೆ ಬೇಕಾದದ್ದು. ನೀರಿನಲ್ಲಿ ತೇಲಿಬರುವ ಹವಳದ ಮರಿಗೆ ಅಂಟಿಕೊಳ್ಳಲು ಗಟ್ಟಿಯಾದ, ಬರಿದಾದ ಕಲ್ಲು ಬೇಕು. ಬೇರೂರಿದ ಹೊಸದರಲ್ಲಿ ಅದು ಒಂದು ಮಿಲಿಮೀಟರ್ ಆಸುಪಾಸು. ಪಾಚಿ ಎತ್ತರಕ್ಕೆ ಬೆಳೆದರೆ ನೆರಳು ಕವಿಯುತ್ತದೆ, ಹೂಳು ಕಟ್ಟುತ್ತದೆ, ಮರಿ ಅಲ್ಲೇ ಸಾಯುತ್ತದೆ.

ಮೇಯುವ ಮೀನು ಹಿಡಿದರೆ ಏನಾಗುತ್ತದೆಂದು ಜಮೈಕಾ ನೋಡಿಯಾಗಿದೆ. ಅಲ್ಲಿ ದಶಕಗಳ ಕಾಲ ಬೋನು ಹಾಕಿ ಗಿಳಿಮೀನು, ಸರ್ಜನ್ ಮೀನುಗಳನ್ನು ಬರಿದು ಮಾಡಿದರು. ಪಾಚಿ ಮೇಯುವ ಭಾರವೆಲ್ಲ ಉದ್ದ ಮುಳ್ಳಿನ ಸೀ ಅರ್ಚಿನ್ ಎಂಬ ಚೆಂಡಿನಾಕಾರದ ಕಡಲಜೀವಿಯ ಮೇಲೆ ಬಿತ್ತು. 1980ರಲ್ಲಿ ಅಲೆನ್ ಚಂಡಮಾರುತ ಹವಳವನ್ನು ಮುರಿಯಿತು, 1983ರಲ್ಲಿ ರೋಗ ತಗುಲಿ ಅರ್ಚಿನ್‌ಗಳೂ ಸತ್ತವು. 1970ರ ದಶಕದ ಕೊನೆಯಲ್ಲಿ ತಳದ ಅರ್ಧದಷ್ಟನ್ನು ಆವರಿಸಿದ್ದ ಹವಳ 1990ರ ದಶಕದ ಆರಂಭಕ್ಕೆ ಶೇ. 3ಕ್ಕೆ ಕುಸಿಯಿತು; ಪಾಚಿ ಶೇ. 90 ದಾಟಿತು. ಮಧ್ಯ ಅಮೆರಿಕದ ಬೆಲೀಜ್ ದೇಶ 2009ರಲ್ಲೇ ಗಿಳಿಮೀನು, ಸರ್ಜನ್ ಮೀನು ಹಿಡಿಯುವುದನ್ನು ನಿಷೇಧಿಸಿತು.

ಕೆರೆದ ಕಲ್ಲು ಎಲ್ಲಿ ಹೋಗುತ್ತದೆ ಎಂದು ಯಾರೂ ಕೇಳುವುದಿಲ್ಲ, ಕೇಳಬೇಕಿತ್ತು. ಗಿಳಿಮೀನಿನ ಗಂಟಲಲ್ಲಿ ಇನ್ನೊಂದು ಜೊತೆ ದವಡೆಯಿದೆ. ಬೀಸುಕಲ್ಲಿನಂತೆ ಅದು ಕಲ್ಲನ್ನು ನುರಿಸುತ್ತದೆ. ಈ ಮೀನಿಗೆ ಜಠರವಿಲ್ಲ. ಪುಡಿ ನೇರ ಕರುಳಿಗಿಳಿದು ಬಿಳಿ ಮರಳಾಗಿ ಹೊರಬೀಳುತ್ತದೆ. ಮಾಲ್ಡೀವ್ಸ್‌ನ ವಕ್ಕಾರು ದ್ವೀಪದ ಸುತ್ತ ಹೊಸದಾಗಿ ಹುಟ್ಟುವ ಮರಳಿನಲ್ಲಿ ಶೇ. 85ಕ್ಕೂ ಹೆಚ್ಚು ಗಿಳಿಮೀನಿನದೇ ಎಂದು ಲೆಕ್ಕ ಹಾಕಿದ್ದಾರೆ. ಆ ಹಣೆ ಉಬ್ಬಿದ ಮೀನಂತೂ ಒಂದೇ ವರ್ಷಕ್ಕೆ 5 ಟನ್‌ನಷ್ಟು ಸುಣ್ಣಕಲ್ಲು ನುರಿಸಬಲ್ಲದು.