ಗೆರೆ ಹಾಕಿ ಬಣ್ಣ ತುಂಬಿದರೆ ಚಿತ್ರ ಬಿಗಿಯಾಗುವುದೇಕೆ?

ಪ್ರಶ್ನೆ: ನಾನು ವಿರಾಜಪೇಟೆಯವಳು. ಇತ್ತೀಚೆಗೆ ಪೆನ್ನು ಮತ್ತು ಜಲವರ್ಣದಲ್ಲಿ ಚಿತ್ರ ಬರೆಯಲು ಶುರು ಮಾಡಿದ್ದೇನೆ. ಮನೆಯ ಹೆಂಚಿನ ಮಾಡು, ತೋಟ, ಎದುರಿನ ಬೆಟ್ಟ, ಎಲ್ಲವನ್ನೂ ನೋಡಿಕೊಂಡೇ ಬರೆಯುತ್ತೇನೆ. ಗೆರೆಗಳಲ್ಲಿ ತಪ್ಪಿರುವುದಿಲ್ಲ. ಆದರೆ ಬಣ್ಣ ಹಾಕಿ ಮುಗಿಸಿದ ಮೇಲೆ ನೋಡಿದರೆ ಮಕ್ಕಳ ಬಣ್ಣ ತುಂಬುವ ಪುಸ್ತಕದ ಹಾಳೆಯ ಹಾಗಿರುತ್ತದೆ. ಬೇರೆಯವರ ಚಿತ್ರಗಳಲ್ಲಿ ಕಾಣುವ ಸಡಿಲತೆ ನನ್ನ ಕೈಗೆ ಬರಲು ಏನು ಮಾಡಬೇಕು?

ಉತ್ತರ: ಈ ದಾರಿಗೆ ಹೊಸದಾಗಿ ಬಂದವರಲ್ಲಿ ಹೆಚ್ಚಿನವರು ಕೇಳುವ ಪ್ರಶ್ನೆ ಇದು. ಗೆರೆಯಲ್ಲಿ ತಪ್ಪಿಲ್ಲ ಎಂದು ಬರೆದಿದ್ದೀರಿ. ನಿಮ್ಮ ಮಾತನ್ನು ನಂಬುತ್ತೇನೆ, ತೊಡಕು ಅಲ್ಲಿಯೇ ಇದೆ ಎಂದೂ ಹೇಳುತ್ತೇನೆ. ಮಾಡಿನ ಅಂಚು, ಗೋಡೆ, ಕಿಟಕಿ, ಮರ, ಎಲ್ಲವನ್ನೂ ಸುತ್ತುಗಟ್ಟಿದ ಗೆರೆ ಹೇಳಬೇಕಾದ್ದನ್ನೆಲ್ಲ ಹೇಳಿ ಮುಗಿಸಿಬಿಟ್ಟಿರುತ್ತದೆ. ಆಮೇಲೆ ಬರುವ ಬಣ್ಣಕ್ಕೆ ಆ ಗೆರೆಯೊಳಗೆ ತಲೆತಗ್ಗಿಸಿ ಕೂರುವುದಷ್ಟೇ ಕೆಲಸ. ಗೆರೆ ದಾಟಬಾರದೆಂದು ನೀವು ಸಣ್ಣ ಬ್ರಷ್ ಹಿಡಿಯುತ್ತೀರಿ, ನೀರನ್ನು ಕಡಿಮೆ ಮಾಡುತ್ತೀರಿ, ಉಸಿರು ಬಿಗಿಹಿಡಿಯುತ್ತೀರಿ. ಆ ಬಿಗಿ ಹಾಳೆಯ ಮೇಲೆ ಹಾಗೆಯೇ ಉಳಿಯುತ್ತದೆ.

ಆದ್ದರಿಂದ ನನ್ನ ಸಲಹೆ ಒಂದೇ: ಕೆಲವು ವಾರಗಳ ಮಟ್ಟಿಗೆ ಕ್ರಮವನ್ನು ತಿರುವುಮುರುವು ಮಾಡಿ. ಬಣ್ಣ ಮೊದಲು, ಗೆರೆ ಆಮೇಲೆ.

ಹಳೆಯ ಐನ್‌ಮನೆಯೊಂದರ (ಕೊಡವ ಕುಟುಂಬದ ಹಿರಿಯರ ಮನೆಯ) ಮುಂದೆ ಕೂತಿದ್ದೀರಿ ಎಂದಿಟ್ಟುಕೊಳ್ಳೋಣ. ಪೆನ್ಸಿಲ್ಲಿನಲ್ಲಿ ಮಾಡು ಎಲ್ಲಿಂದ ಎಲ್ಲಿಗೆ, ನೆಲ ಎಲ್ಲಿ ಎಂದು ನಾಲ್ಕೈದು ತೆಳು ಗುರುತು ಸಾಕು. ಹತ್ತು ಅಥವಾ ಹನ್ನೆರಡನೇ ಸಂಖ್ಯೆಯ ದುಂಡು ಬ್ರಷ್ ತೆಗೆದುಕೊಂಡು, ಬರ್ನ್ಟ್ ಸಿಯೆನ್ನಾ ಎಂಬ ಕೆಂಗಂದು ಬಣ್ಣವನ್ನು ತಟ್ಟೆಯಲ್ಲಿ ಧಾರಾಳ ನೀರಿನೊಂದಿಗೆ ಕಲಸಿ, ಮಾಡನ್ನು ಒಂದೇ ಬೀಸಿನಲ್ಲಿ ಎಳೆಯಿರಿ. ಬಿಸಿಲು ಬಿದ್ದು ಹೊಳೆಯುತ್ತಿರುವ ಕಡೆ ಕಾಗದವನ್ನು ಬಿಳಿಯಾಗಿಯೇ ಬಿಡಿ. ಹಳೆಯ ಹೆಂಚಿನ ಮೇಲೆ ಪಾಚಿ ಕಟ್ಟಿರುತ್ತದಲ್ಲವೇ? ಬಣ್ಣ ಇನ್ನೂ ಹಸಿಯಾಗಿರುವಾಗಲೇ ಬ್ರಷ್‌ನ ತುದಿಯಿಂದ ಅಲ್ಲಲ್ಲಿ ಸ್ವಲ್ಪ ಹಸಿರು ಮುಟ್ಟಿಸಿ, ಕೈ ಹಿಂದೆ ತೆಗೆಯಿರಿ. ಹಸಿರು ತಾನಾಗಿ ಕೆಂಪಿನೊಳಗೆ ಇಳಿದು ಒಂದು ಮಾಸಲು ಕಂದು ಬಣ್ಣವನ್ನು ಹುಟ್ಟಿಸುತ್ತದೆ. ಅದನ್ನು ತಟ್ಟೆಯಲ್ಲಿ ಕಲಸಿ ತರಲು ಯಾರಿಂದಲೂ ಆಗದು. ಮಾಡಿನ ಹಿಂದಿರುವ ಹಲಸಿನ ಮರದ ಹಸಿರನ್ನು ಹಾಕುವಾಗ ಒಂದು ಕಡೆ ಅದು ಮಾಡಿನ ಹಸಿ ಅಂಚನ್ನು ತಾಗಲಿ. ಎರಡೂ ಒಂದರೊಳಗೊಂದು ಹರಿದರೆ ಗಾಬರಿಯಾಗಿ ಒರೆಸಬೇಡಿ. ನೆರಳಿನಲ್ಲಿ ಮರ ಮತ್ತು ಮಾಡು ಎಲ್ಲಿ ಬೇರೆಯಾಗುತ್ತವೆ ಎಂದು ನಿಮ್ಮ ಕಣ್ಣಿಗೂ ಸ್ಪಷ್ಟವಾಗಿ ಕಾಣುತ್ತಿರುವುದಿಲ್ಲ. ಹಾಳೆಯ ಮೇಲೆ ಮಾತ್ರ ಅದೇಕೆ ಕಾಣಬೇಕು?

ಈಗ ಒಣಗಲು ಬಿಟ್ಟು, ಆಮೇಲೆ ಪೆನ್ನು ತೆಗೆಯಿರಿ. ಮಾಡಿನ ಸುತ್ತ ಗೆರೆ ಎಳೆಯಬೇಡಿ. ಬಣ್ಣವೇ ಹೇಳಿರುವ ಅಂಚಿಗೆ ಗೆರೆ ಬೇಡ. ಬಣ್ಣ ಹೇಳಲಾರದ್ದನ್ನು ಮಾತ್ರ ಗೆರೆ ಹೇಳಲಿ: ಸೂರಿನ ಕೆಳಗಿನ ನೆರಳಿನ ಒಂದು ದಪ್ಪ ಗೆರೆ, ನಾಲ್ಕಾರು ಹೆಂಚುಗಳ ಬಾಯಿ, ಕೈಯಾಲೆಯ (ಮುಂದಿನ ಜಗಲಿಯ) ಒಂದು ಕಂಬದ ಕೆತ್ತನೆ, ಕಂಬಗಳ ನಡುವೆ ಕೂರಲು ಹಾಕಿದ ಮರದ ಹಲಗೆಯಾದ ಐಮರದ ಅಂಚು. ಬಣ್ಣ ತನ್ನ ಜಾಗ ಬಿಟ್ಟು ಅತ್ತಿತ್ತ ಹರಿದಿದ್ದರೆ, ಗೆರೆಯನ್ನು ಬಣ್ಣದ ಹಿಂದೆ ಓಡಿಸದೆ ಅದರ ಸರಿಯಾದ ಜಾಗದಲ್ಲಿಯೇ ಎಳೆಯಿರಿ. ಗೆರೆ ಒಂದು ಕಡೆ, ಬಣ್ಣ ಅದಕ್ಕಿಂತ ಎರಡು ಮೂರು ಮಿಲಿಮೀಟರ್ ಆಚೆ. ನೀವು ಬೇರೆಯವರ ಚಿತ್ರಗಳಲ್ಲಿ ಮೆಚ್ಚಿದ ಸಡಿಲತೆಯ ಹೆಚ್ಚಿನ ಪಾಲು ಈ ಸಣ್ಣ ಅಂತರದಲ್ಲಿಯೇ ಇದೆ. ಎರಡನ್ನೂ ಹೊಂದಿಸಿಕೊಳ್ಳುವ ಕೆಲಸವನ್ನು ನೋಡುವವರ ಕಣ್ಣು ಮಾಡುತ್ತದೆ, ಆ ಕೆಲಸದಲ್ಲಿ ಅದಕ್ಕೆ ಸಂತೋಷವೂ ಇದೆ.

ಈ ಅಭ್ಯಾಸ ಕೈಗೆ ಹತ್ತಿದ ಮೇಲೆ ಮತ್ತೆ ಗೆರೆಯನ್ನು ಮೊದಲು ಹಾಕಬಹುದು. ಆಗ ನೀವು ಎಳೆಯುವ ಗೆರೆಯೇ ಬೇರೆಯಾಗಿರುತ್ತದೆ. ಅಲ್ಲಲ್ಲಿ ತುಂಡಾಗಿರುತ್ತದೆ, ಬಣ್ಣ ಹೊರಗೆ ಹರಿಯಲು ಬಾಗಿಲು ತೆರೆದಿಟ್ಟಿರುತ್ತದೆ.

ಗೆರೆಯ ಬಗ್ಗೆ ಇನ್ನೆರಡು ಮಾತು. ಪೆನ್ನನ್ನು ಪರೀಕ್ಷೆ ಬರೆಯುವವರಂತೆ ಮೊನೆಯ ಹತ್ತಿರ ಹಿಡಿದರೆ ಬೆರಳುಗಳು ಮಾತ್ರ ಓಡಾಡುತ್ತವೆ, ಗೆರೆ ಸಣ್ಣಸಣ್ಣ ತುಂಡುಗಳಾಗಿ ತಡವರಿಸುತ್ತದೆ. ಹಿಂದಕ್ಕೆ ಹಿಡಿದು, ಮಣಿಕಟ್ಟು ಮತ್ತು ಮೊಣಕೈಯನ್ನು ಸೇರಿಸಿಕೊಂಡು ಎಳೆಯಿರಿ. ದಿನವೂ ಐದು ನಿಮಿಷ ಕಾಗದವನ್ನು ನೋಡದೆ, ಎದುರಿನ ವಸ್ತುವನ್ನು ಮಾತ್ರ ನೋಡುತ್ತ, ಪೆನ್ನು ಎತ್ತದೆ ಬರೆಯಿರಿ. ಕೊಡೆ, ಕತ್ತಿ, ಮೆಟ್ಟಿಲ ಮೇಲೆ ಮಲಗಿದ ನಾಯಿ, ಯಾವುದಾದರೂ ಆದೀತು. ಚಿತ್ರ ವಕ್ರವಾಗಿಯೇ ಬರುತ್ತದೆ, ಬರಲಿ. ಕಣ್ಣು ನಡೆದಷ್ಟೇ ವೇಗದಲ್ಲಿ ಕೈ ನಡೆಯುವುದನ್ನು ಕಲಿಸುವ ಅಭ್ಯಾಸ ಇದು. ಒಂದೇ ಗೆರೆಯಲ್ಲಿ ಎಷ್ಟು ಜೀವ ತುಂಬಬಹುದು ಎಂದು ನೋಡಬೇಕಾದರೆ ಉಡುಪಿ ಬಳಿಯ ಕಟ್ಟಿಂಗೇರಿಯಿಂದ ಬಂದ ಕೆ.ಕೆ. ಹೆಬ್ಬಾರರ ನೃತ್ಯದ ರೇಖಾಚಿತ್ರಗಳನ್ನು ಹುಡುಕಿ ನೋಡಿ. ಕುಣಿಯುವವರ ಮುಖದ ವಿವರ ಬಹಳ ಕಡೆ ಇರುವುದೇ ಇಲ್ಲ, ಕುಣಿತ ಮಾತ್ರ ಪೂರ್ತಿ ಇರುತ್ತದೆ.

ನಿಮ್ಮ ಊರಿನಲ್ಲಿ ದುಡ್ಡಿಲ್ಲದೆ ಸಿಗುವ ಒಂದು ಸಾಧನವನ್ನೂ ಹೇಳಿಬಿಡುತ್ತೇನೆ. ಪೆನ್ನಿನ ದಪ್ಪದ ಒಣ ಬಿದಿರಿನ ಕಡ್ಡಿಯನ್ನು ಓರೆಯಾಗಿ ಕತ್ತರಿಸಿ, ಮೊನೆಯನ್ನು ತೆಳ್ಳಗೆ ಹೆರೆದು, ನಡುವೆ ಸಣ್ಣದೊಂದು ಸೀಳು ಕೊಟ್ಟರೆ ಬರೆಯುವ ಲೇಖನಿಯಾಗುತ್ತದೆ. ಡ್ರಾಯಿಂಗ್ ಇಂಕಿನಲ್ಲಿ ಅದ್ದಿ ಎಳೆದರೆ ಗೆರೆ ಮೊದಲು ದಪ್ಪವಾಗಿ, ತುಂಬಿಕೊಂಡು ಬರುತ್ತದೆ. ಇಂಕು ಮುಗಿಯುತ್ತಾ ಬಂದಂತೆ ಕಾಗದದ ಉಬ್ಬುಗಳನ್ನು ಮಾತ್ರ ತಾಗಿ ಒಡೆದು ಒಡೆದು ಸಾಗುತ್ತದೆ. ಆ ಒಡಕು ಗೆರೆ ಸಿಲ್ವರ್ ಓಕ್ ಮರದ ತೊಗಟೆಗೂ ಹಳೆಯ ಕಲ್ಲುಗೋಡೆಗೂ ಹೇಳಿ ಮಾಡಿಸಿದ್ದು. ಇಂಥ ಲೇಖನಿಯಿಂದ ಕಿಟಕಿಯ ಸರಳುಗಳನ್ನು ಎಣಿಸಿ ಬರೆಯಲು ಆಗುವುದಿಲ್ಲ. ಬಿಗಿ ಕೈಯವರಿಗೆ ನಾನು ಇದನ್ನೇ ಮೊದಲು ಕೊಡುವುದು ಅದಕ್ಕಾಗಿಯೇ.

ಇಂಕು ಯಾವುದಿರಬೇಕು? ಗೆರೆ ಮೊದಲು, ಬಣ್ಣ ಆಮೇಲೆ ಎನ್ನುವಾಗ ನೀರಿಗೆ ಕರಗದ ಇಂಕೇ ಬೇಕು. ಮೈಕ್ರಾನ್, ಯೂನಿ ಪಿನ್ ಮುಂತಾದ ಪೆನ್ನುಗಳಲ್ಲಿ ಇರುವುದು ಅಂಥದ್ದು. ಒಣಗಿದ ಮೇಲೆ ನೀರು ಅದನ್ನು ಕದಲಿಸುವುದಿಲ್ಲ. ಫೌಂಟನ್ ಪೆನ್ನಿನ ಸಾಮಾನ್ಯ ಶಾಯಿ ಹೆಚ್ಚಾಗಿ ಕರಗುತ್ತದೆ, ಕೆಲವು ಕಪ್ಪು ಶಾಯಿಗಳು ನೀರು ತಾಗಿದೊಡನೆ ನೀಲಿ, ನೇರಳೆಯಾಗಿ ಒಡೆಯುತ್ತವೆ. ಅದೂ ದೋಷವೇನಲ್ಲ. ಬೇಕೆಂದೇ ಅಂಥ ಶಾಯಿಯಲ್ಲಿ ಬರೆದು, ನೆರಳಿರುವ ಬದಿಯನ್ನು ಮಾತ್ರ ಒದ್ದೆ ಬ್ರಷ್‌ನಿಂದ ಸವರಿದರೆ ಗೆರೆಯೇ ಕರಗಿ ನೆರಳಾಗುತ್ತದೆ. ಯಾವುದು ಕರಗುತ್ತದೆ, ಯಾವುದು ಇಲ್ಲ ಎಂದು ಮೊದಲೇ ರದ್ದಿ ಕಾಗದದಲ್ಲಿ ನೋಡಿಕೊಳ್ಳಿ. ಬಾಟಲಿಯ ಇಂಡಿಯನ್ ಇಂಕನ್ನು ಮಾತ್ರ ಫೌಂಟನ್ ಪೆನ್ನಿಗೆ ತುಂಬಬೇಡಿ. ಅದರಲ್ಲಿರುವ ಅರಗು ಒಳಗೆ ಗಟ್ಟಿಯಾಗಿ ಪೆನ್ನು ಕಟ್ಟಿಕೊಳ್ಳುತ್ತದೆ.

ಇನ್ನು ನೀರಿನ ವಿಷಯ. ಕೊಡಗಿನಲ್ಲಿ ಜಲವರ್ಣ ಕಲಿಯುವವರಿಗೆ ಒಂದು ಭಾಗ್ಯವೂ ಇದೆ, ಒಂದು ಕಷ್ಟವೂ ಇದೆ. ಮಾರ್ಚಿನ ಮಧ್ಯಾಹ್ನ ಕೆಲವೇ ನಿಮಿಷಗಳಲ್ಲಿ ಒಣಗುವ ಬಣ್ಣ ಜುಲೈನಲ್ಲಿ ಅರ್ಧ ಗಂಟೆಯಾದರೂ ತೇವವಾಗಿ ಇರಬಹುದು. ಮೈದಾನದ ಊರಿನವರು ಬರೆದಿಟ್ಟ ಸಮಯದ ಲೆಕ್ಕ ನಿಮಗೆ ಹೊಂದುವುದಿಲ್ಲ. ಗಡಿಯಾರ ನೋಡಬೇಡಿ, ಹಾಳೆಯನ್ನು ಓರೆಯಾಗಿ ಹಿಡಿದು ಅದರ ಮಿನುಗು ನೋಡಿ. ಬಣ್ಣ ಕನ್ನಡಿಯಂತೆ ಹೊಳೆಯುತ್ತಿದ್ದರೆ ಇನ್ನೊಂದು ಬಣ್ಣ ಬಿಡಬಹುದು, ಎರಡೂ ಮೆತ್ತಗೆ ಬೆರೆಯುತ್ತವೆ. ಹೊಳಪು ಈಗಷ್ಟೇ ಆರಿ ಮಂಕಾಗಿದ್ದರೆ ಅದು ಅಪಾಯದ ಹೊತ್ತು. ಆಗ ನೀರು ಹೆಚ್ಚಿರುವ ಬ್ರಷ್ ಮುಟ್ಟಿಸಿದರೆ ನೀರು ಬಣ್ಣದ ಕಣಗಳನ್ನು ಹೊರಕ್ಕೆ ತಳ್ಳಿ, ಹೂಕೋಸಿನ ಅಂಚಿನಂಥ ಕಲೆ ಮೂಡಿಸುತ್ತದೆ. ಬೆರಳಿನ ಹಿಂಬದಿಯಿಂದ ಮುಟ್ಟಿದಾಗ ಹಾಳೆ ತಣ್ಣಗಿದ್ದರೆ ಒಳಗೆ ಇನ್ನೂ ತೇವವಿದೆ ಎಂದೇ ಅರ್ಥ, ಪೆನ್ನು ಮುಟ್ಟಿಸುವ ಸಮಯ ಅದಲ್ಲ. ಇಂಕು ಹರಡಿಬಿಡುತ್ತದೆ.

ಭಾಗ್ಯ ಯಾವುದೆಂದರೆ, ಈ ನಿಧಾನ ಒಣಗುವಿಕೆ ಮಂಜು ಬರೆಯುವುದಕ್ಕೆ ಒದಗಿಬರುತ್ತದೆ. ಮಡಿಕೇರಿಯ ರಾಜಾಸೀಟಿನಲ್ಲಿ ನಿಂತರೆ ಬೆಟ್ಟಗಳು ಒಂದರ ಹಿಂದೆ ಒಂದಾಗಿ ತಿಳಿಯಾಗುತ್ತ ಹೋಗುತ್ತವೆ. ಹಾಳೆಯ ಮೇಲ್ಭಾಗವನ್ನು ಬರೀ ನೀರಿನಿಂದ ಒದ್ದೆ ಮಾಡಿ, ದೂರದ ಬೆಟ್ಟಕ್ಕೆ ತೀರಾ ತೆಳುವಾದ ಅಲ್ಟ್ರಾಮರೀನ್ ನೀಲಿ ಬಿಡಿ. ಹತ್ತಿರ ಬಂದಂತೆ ಅದಕ್ಕೆ ಬರ್ನ್ಟ್ ಸಿಯೆನ್ನಾ ಸೇರಿಸುತ್ತ, ನೀರು ಕಡಿಮೆ ಮಾಡುತ್ತ ಬನ್ನಿ. ಈ ಎರಡು ಬಣ್ಣಗಳ ನಡುವೆ ನೀಲಿ ಬೂದಿಯಿಂದ ಕಂದು ಬೂದಿಯವರೆಗೆ ಎಷ್ಟೋ ಬೂದಿಗಳಿವೆ. ಟ್ಯೂಬಿನ ಕಪ್ಪು ನಿಮಗೆ ಬೇಕಾಗುವುದೇ ಇಲ್ಲ, ಕಪ್ಪು ಬೆರೆತ ಹಸಿರು ತೋಟವನ್ನು ಸಾಯಿಸುತ್ತದೆ ಎಂಬುದು ನನ್ನ ದೃಢ ಅಭಿಪ್ರಾಯ. ಅಲ್ಟ್ರಾಮರೀನಿನ ಕಣಗಳು ತರಿತರಿ ಕಾಗದದ ಗುಳಿಗಳಲ್ಲಿ ತಂಗುತ್ತವೆ, ಹಾಗೆ ತಂಗಿದಲ್ಲಿ ಮಂಜಿನ ಮೈ ತಾನಾಗಿ ಬರುತ್ತದೆ. ಪ್ರತಿ ಬೆಟ್ಟದ ಬುಡವನ್ನು ಒಣಗುವ ಮೊದಲೇ ಶುದ್ಧ ನೀರಿನ ಬ್ರಷ್‌ನಿಂದ ಮೆದುಗೊಳಿಸಿ, ಮಂಜು ನಿಲ್ಲುವುದು ಕಣಿವೆಯಲ್ಲಿ ತಾನೇ. ಆ ಬೆಟ್ಟಗಳಿಗೆ ಪೆನ್ನಿನ ಗೆರೆ ಒಂದೂ ಬೇಡ. ಗೆರೆಯೆಲ್ಲ ಮುಂದಿನ ಕಟಕಟೆಗೆ, ಒಂದೆರಡು ಕೊಂಬೆಗೆ ಮೀಸಲಿರಲಿ. ಬೆಂಗಳೂರಿಗೆ ಹೋದಾಗ ಕೆ. ವೆಂಕಟಪ್ಪನವರ ಊಟಿ, ಕೊಡೈಕೆನಾಲ್ ಜಲವರ್ಣಗಳನ್ನು ನೋಡುವ ಅವಕಾಶ ಸಿಕ್ಕರೆ ಬಿಡಬೇಡಿ. ಅವರದು ಸಡಿಲ ಶೈಲಿಯಲ್ಲ, ಬಹಳ ಶ್ರದ್ಧೆಯ ನಯಗೆಲಸ. ಆದರೂ ಬೆಟ್ಟದ ಗಾಳಿಯ ತೇವವನ್ನು ಬಣ್ಣ ಹೇಗೆ ಹಿಡಿಯುತ್ತದೆ ಎಂದು ಅಲ್ಲಿ ಕಲಿಯಬಹುದು.

ತೋಟದ ಹಸಿರು ಎಲ್ಲರನ್ನೂ ಕಂಗೆಡಿಸುತ್ತದೆ. ನೆರಳುಮರ, ಅದಕ್ಕೆ ಹಬ್ಬಿದ ಮೆಣಸಿನ ಬಳ್ಳಿ, ಕೆಳಗೆ ಕಾಫಿ ಗಿಡ, ಎಲ್ಲವೂ ಹಸಿರು. ಎಲೆ ಎಲೆಯಾಗಿ ಬರೆಯಲು ಹೊರಟರೆ ಸಂಜೆಯಾದರೂ ಮುಗಿಯದು. ಕಣ್ಣು ಅರ್ಧ ಮುಚ್ಚಿ ನೋಡಿ: ತಿಳಿ, ನಡು, ಗಾಢ ಎಂದು ಮೂರೇ ಉಳಿಯುತ್ತವೆ. ಮೂರನ್ನೂ ದೊಡ್ಡ ದೊಡ್ಡ ತೇಪೆಗಳಾಗಿ ಹಾಕಿ. ಗ್ಯಾಂಬೋಜ್ ಹಳದಿಗೆ ಅಲ್ಟ್ರಾಮರೀನ್ ಸೇರಿದರೆ ಸೌಮ್ಯವಾದ ಹಸಿರು, ಅದಕ್ಕೆ ಬರ್ನ್ಟ್ ಸಿಯೆನ್ನಾ ಸೇರಿದರೆ ಅರೇಬಿಕಾ ಕಾಫಿ ಎಲೆಯ ಗಾಢ ಹಸಿರು. ನಾಟಿಯಾದ ಗದ್ದೆಯ ಎಳೆ ಹಸಿರಿಗೆ ಲೆಮನ್ ಯೆಲ್ಲೋ ಜೊತೆ ಚೂರೇ ಚೂರು ಪ್ರಶ್ಯನ್ ಬ್ಲೂ. ಹೂಮಳೆ ಬಿದ್ದು ಕಾಫಿ ಅರಳಿದ ಸಮಯದಲ್ಲಿ ಬರೆಯುವುದಾದರೆ ಬಿಳಿ ಬಣ್ಣ ಹುಡುಕಬೇಡಿ. ಗೆಣ್ಣು ಗೆಣ್ಣಿಗೆ ಕೂತ ಹೂಗೊಂಚಲಿನ ಜಾಗವನ್ನು ಬಿಟ್ಟು ಸುತ್ತ ಗಾಢ ಹಸಿರು ಹಾಕಿ, ಒಣಗಿದ ಮೇಲೆ ಎದುರಿನ ಒಂದು ಗೊಂಚಲಿಗೆ ಮಾತ್ರ ಕೆಲವು ಎಸಳುಗಳ ಗೆರೆ ಕೊಡಿ. ಉಳಿದ ಬಿಳಿಯೆಲ್ಲ ಹೂವೆಂದೇ ಓದಿಸಿಕೊಳ್ಳುತ್ತದೆ.

ಇದೇ ನಿಯಮ ಕಟ್ಟಡಕ್ಕೂ ಸಲ್ಲುತ್ತದೆ. 1820ರಲ್ಲಿ ಲಿಂಗರಾಜೇಂದ್ರ ಕಟ್ಟಿಸಿದ ಮಡಿಕೇರಿಯ ಓಂಕಾರೇಶ್ವರ ದೇವಸ್ಥಾನವನ್ನು ಕೆರೆಯ ಈಚೆ ದಡದಿಂದ ಬರೆಯಲು ಕೂತರೆ ನಡುವಿನ ಗುಮ್ಮಟ, ನಾಲ್ಕು ಮೂಲೆಯ ಮಿನಾರುಗಳು, ನೀರಿನ ನಡುವಿನ ಮಂಟಪ ಎಲ್ಲವೂ ಒಟ್ಟಿಗೆ ಕರೆಯುತ್ತವೆ. ಒಂದನ್ನು ಆರಿಸಿಕೊಳ್ಳಿ. ಗುಮ್ಮಟವನ್ನು ಆರಿಸಿದರೆ ವಿವರದ ಗೆರೆ, ಗಾಢ ನೆರಳು, ಕಾಗದದ ಬಿಳಿ ಮೂರೂ ಅಲ್ಲಿ ಸೇರಲಿ. ಮಿನಾರುಗಳಿಗೆ ಒಂದೊಂದು ಬದಿಯ ಗೆರೆ ಸಾಕು, ಪ್ರತಿಬಿಂಬಕ್ಕೆ ಗೆರೆಯಿಲ್ಲದ ಹಸಿ ಬಣ್ಣ ಸಾಕು. ಇಪ್ಪತ್ತು ನಿಮಿಷದಲ್ಲಿ ಏಳುತ್ತೇನೆ ಎಂದು ಮೊದಲೇ ನಿಶ್ಚಯಿಸಿಕೊಂಡು ಕೂತರೆ ಈ ಆಯ್ಕೆ ಸುಲಭವಾಗುತ್ತದೆ. ಕೋಟೆಯೊಳಗಿನ ಎರಡು ಗಾರೆಯ ಆನೆಗಳೂ ಒಳ್ಳೆಯ ಪಾಠ, ಅವು ಅಲ್ಲಾಡುವುದಿಲ್ಲ. ಬಿಸಿಲಿನ ಬದಿಯನ್ನು ಪೂರ್ತಿ ಬಿಟ್ಟು ನೆರಳಿನ ಬದಿಯನ್ನು ಮಾತ್ರ ಬರೆದು ನೋಡಿ.

ಸಾಮಗ್ರಿಗೆ ಹೆಚ್ಚು ಖರ್ಚು ಮಾಡಬೇಡಿ, ಕಾಗದವೊಂದನ್ನು ಬಿಟ್ಟು. ಕ್ಯಾಮೆಲ್ ಟ್ಯೂಬುಗಳಲ್ಲಿ ಆರೇಳು ಬಣ್ಣ ಸಾಕು, ಬ್ರಷ್ ಎರಡು ಸಾಕು. ಆದರೆ ಸಾಮಾನ್ಯ ಡ್ರಾಯಿಂಗ್ ಹಾಳೆ ಇಷ್ಟು ನೀರನ್ನು ತಡೆಯದು, ಸುಕ್ಕಾಗಿ ಬಣ್ಣವೆಲ್ಲ ತಗ್ಗಿಗೆ ಹರಿಯುತ್ತದೆ. 300 ಜಿಎಸ್‌ಎಂ (ಚದರ ಮೀಟರಿಗೆ 300 ಗ್ರಾಂ ತೂಗುವ) ತರಿತರಿ ಮೈಯ ಜಲವರ್ಣ ಕಾಗದ ತನ್ನಿ, ದೊಡ್ಡ ಹಾಳೆ ಕೊಂಡು ಅಂಗೈಯಗಲಕ್ಕೆ ಕತ್ತರಿಸಿಕೊಂಡರೆ ಅಗ್ಗವಾಗುತ್ತದೆ, ಹಾಳಾದೀತೆಂಬ ಭಯವೂ ಕಡಿಮೆಯಾಗುತ್ತದೆ. ಮಳೆಗಾಲದಲ್ಲಿ ಅದನ್ನು ಗೋಡೆಯ ಕಪಾಟಿನಲ್ಲಿ ತೆರೆದಿಡಬೇಡಿ. ತೇವಕ್ಕೆ ಬೂಷ್ಟು ಬಂದರೆ ಕಾಗದದ ಅಂಟುಲೇಪ ಕೆಡುತ್ತದೆ, ಆಮೇಲೆ ಬಣ್ಣ ಮೇಲೆ ನಿಲ್ಲದೆ ಚುಕ್ಕೆ ಚುಕ್ಕೆಯಾಗಿ ಒಳಗಿಳಿಯುತ್ತದೆ. ಮುಚ್ಚಳ ಬಿಗಿಯಾಗಿರುವ ಪ್ಲಾಸ್ಟಿಕ್ ಡಬ್ಬದಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳೊಂದಿಗೆ ಇಡಿ. ಪೊಟ್ಟಣಗಳು ತೇವ ಹೀರಿ ತುಂಬಿದ ಮೇಲೆ ಹೊಸದನ್ನು ಇಟ್ಟರಾಯಿತು.