ಹತ್ತು, ಹತ್ತು, ಹತ್ತು ಕೂಡಿದರೆ ಸೊನ್ನೆ

ಊರಿನ ಟಿ.ಸಿ.ಯಿಂದ, ಅಂದರೆ ಟ್ರಾನ್ಸ್‌ಫಾರ್ಮರ್‌ನಿಂದ, ನಾಲ್ಕು ವೈರ್ ಹೊರಡುತ್ತವೆ. ಕರೆಂಟ್ ತರುವ ಮೂರು ಫೇಸ್, ಅದು ಮರಳುವ ಒಂದು ನ್ಯೂಟ್ರಲ್. ಯಾವ ಫೇಸ್‌ಗೂ ನ್ಯೂಟ್ರಲ್‌ಗೂ ನಡುವೆ ಅಳೆದರೂ ಮೀಟರ್ ಸುಮಾರು 230 ವೋಲ್ಟ್ ತೋರಿಸುತ್ತದೆ. ಎರಡು ಫೇಸ್‌ಗಳ ನಡುವೆ ಅಳೆದರೆ 400. ತೋಟದ ತ್ರೀ ಫೇಸ್ ಪಂಪ್‌ಸೆಟ್ ಓಡುವುದು ಈ 400ರಲ್ಲೇ. 230ಕ್ಕೆ 230 ಕೂಡಿದರೆ 460, ಕಳೆದರೆ ಸೊನ್ನೆ. 400 ಎರಡೂ ಅಲ್ಲ, ಅಲ್ವಾ?

ಗುಟ್ಟು ಇರುವುದು ಹೊತ್ತಿನಲ್ಲಿ. ಎ.ಸಿ. ಕರೆಂಟ್ ಅಲೆಯ ಹಾಗೆ ಸೆಕೆಂಡಿಗೆ 50 ಸಲ ಏರಿಳಿಯುತ್ತದೆ. ಒಂದು ಸುತ್ತಿಗೆ 20 ಮಿಲಿಸೆಕೆಂಡ್. ಮೂರು ಫೇಸ್‌ಗಳ ಅಲೆಗಳೂ ಒಂದೇ ಎತ್ತರದವು. ಆದರೆ ಒಂದು ತುದಿ ಮುಟ್ಟಿದ ಮೇಲೆ ಮುಂದಿನದು ಮುಟ್ಟುವುದು ಸುಮಾರು 6.7 ಮಿಲಿಸೆಕೆಂಡ್ ಬಿಟ್ಟು, ಅಂದರೆ ಸುತ್ತಿನ ಮೂರನೇ ಒಂದು ಭಾಗ ತಡವಾಗಿ. ಇಂಥ ಅಲೆಗಳನ್ನು ಗ್ರಾಫ್ ಹಾಳೆಯಲ್ಲಿ ಬರೆದು ಚುಕ್ಕಿ ಚುಕ್ಕಿಯಾಗಿ ಕೂಡಬಹುದು. ಬಹಳ ತಾಳ್ಮೆ ಬೇಕು.

ಸುಲಭದ ದಾರಿ ಫೇಸರ್ ಚಿತ್ರ. ಒಂದು ಬಾಣ ತನ್ನ ಬುಡದ ಸುತ್ತ ಸೆಕೆಂಡಿಗೆ 50 ಸಲ ತಿರುಗುತ್ತಿದೆ ಎಂದುಕೊಳ್ಳಿ. ಅದರ ತುದಿಯ ಎತ್ತರವನ್ನು ಕ್ಷಣಕ್ಷಣಕ್ಕೂ ಗುರುತು ಹಾಕುತ್ತಾ ಹೋದರೆ ಅಲೆಯೇ ಮೂಡುತ್ತದೆ. ಬಾಣದ ಉದ್ದ ಅಲೆ ಎಷ್ಟು ದೊಡ್ಡದು ಎಂದು ಹೇಳುತ್ತದೆ, ದಿಕ್ಕು ಅಲೆಯ ಹೊತ್ತನ್ನು ಹೇಳುತ್ತದೆ. ಫೇಸ್‌ಗೊಂದರಂತೆ ಮೂರು ಬಾಣ. ಮೂರೂ ಒಂದೇ ವೇಗದಲ್ಲಿ ತಿರುಗುವುದರಿಂದ ಅವುಗಳ ನಡುವಿನ ಕೋನ, ಅಂದರೆ ಸುತ್ತಿನ ಮೂರನೇ ಒಂದು ಭಾಗವಾದ 120 ಡಿಗ್ರಿ, ಬದಲಾಗುವುದಿಲ್ಲ. ಹಾಗಾಗಿ ಫೋಟೊ ತೆಗೆದ ಹಾಗೆ ನಿಲ್ಲಿಸಿ ನೋಡಬಹುದು. ಕೂಡಬೇಕೇ? ಒಂದರ ತುದಿಗೆ ಇನ್ನೊಂದರ ಬುಡ ಇಡಿ. ಇದೇ ಲೆಕ್ಕವನ್ನು ಸಂಕೀರ್ಣ ಸಂಖ್ಯೆಗಳಲ್ಲಿ ಮಾಡುವ ಬಗೆಯನ್ನು ವಿದ್ಯುತ್ ಎಂಜಿನಿಯರ್ ಚಾರ್ಲ್ಸ್ ಸ್ಟೈನ್‌ಮೆಟ್ಜ್ 1893ರಲ್ಲಿ ಷಿಕಾಗೊದ ವಿದ್ಯುತ್ ಸಮ್ಮೇಳನದಲ್ಲಿ ವಿವರಿಸಿದರು.

ಈಗ 400ಕ್ಕೆ ಬರೋಣ. ಎರಡು ಫೇಸ್‌ಗಳ ನಡುವೆ ಅಳೆಯುವುದೆಂದರೆ ಒಂದರಿಂದ ಇನ್ನೊಂದನ್ನು ಕಳೆಯುವುದು. ಕಳೆಯಬೇಕಾದ ಬಾಣವನ್ನು ಹಿಂದುಮುಂದು ಮಾಡಿ ಕೂಡಿದರೆ ಆಯಿತು. ಆಗ 120 ಡಿಗ್ರಿ ಇದ್ದ ಕೋನ 60 ಆಗುತ್ತದೆ. 50 ವೋಲ್ಟ್‌ಗೆ 1 ಸೆಂಟಿಮೀಟರ್‌ನಂತೆ 4.6 ಸೆಂಟಿಮೀಟರ್‌ನ ಎರಡು ಬಾಣ ಬರೆದು ಕೂಡಿ ನೋಡಿ. ಸ್ಕೇಲಿನಲ್ಲಿ ಹತ್ತಿರ ಹತ್ತಿರ 8 ಸೆಂಟಿಮೀಟರ್ ಬರುತ್ತದೆ. ಅದೇ ನಮ್ಮ 400.

ನನಗೆ ಇದಕ್ಕಿಂತ ಜಾಸ್ತಿ ಇಷ್ಟ ನ್ಯೂಟ್ರಲ್‌ನ ಕಥೆ. ಮೂರು ಫೇಸ್‌ಗಳಲ್ಲೂ ಒಂದೇ ಥರದ ಹೀಟರ್ ಹಾಕಿ, ತಲಾ 10 ಆಂಪಿಯರ್ ಹರಿಸಿ. ಮರಳುವ ದಾರಿಯಾದ ನ್ಯೂಟ್ರಲ್‌ನಲ್ಲಿ 30 ಇರಬೇಕಲ್ಲ? ಬಾಣಗಳನ್ನು ಸಾಲಾಗಿ ಜೋಡಿಸಿ. ಮೂರನೆಯದರ ತುದಿ ಮೊದಲನೆಯದರ ಬುಡಕ್ಕೇ ಬಂದು ಮುಟ್ಟುತ್ತದೆ. ತ್ರಿಕೋನ ಮುಚ್ಚಿತು, ಉಳಿದದ್ದು ಸೊನ್ನೆ. ಒಂದು ಹೀಟರ್ ಆಫ್ ಮಾಡಿದರೆ ತ್ರಿಕೋನ ಬಾಯಿ ತೆರೆಯುತ್ತದೆ, ನ್ಯೂಟ್ರಲ್‌ನಲ್ಲಿ 10 ಆಂಪಿಯರ್ ಹರಿಯುತ್ತದೆ.

ಎಲ್‌ಇಡಿ, ಚಾರ್ಜರ್, ಕಂಪ್ಯೂಟರ್‌ಗಳು ಮಾತ್ರ ಹೀಟರ್‌ನಷ್ಟು ಸೌಮ್ಯವಲ್ಲ. ಅವು ಕರೆಂಟನ್ನು ತುಂಡು ತುಂಡಾಗಿ ಎಳೆಯುತ್ತವೆ. ಆಗ 50ರ ಅಲೆಯ ಜೊತೆ ಸೆಕೆಂಡಿಗೆ 150 ಸಲ ಏರಿಳಿಯುವ ಅಲೆಯೂ ಸೇರಿಕೊಳ್ಳುತ್ತದೆ. ಅದರ ಬಾಣ ಮೂರು ಪಟ್ಟು ವೇಗದಲ್ಲಿ ತಿರುಗುವುದರಿಂದ ಫೇಸ್‌ಗಳ ನಡುವಿನ ಕೋನವೂ ಮೂರು ಪಟ್ಟಾಗುತ್ತದೆ. 120ರ ಮೂರು ಪಟ್ಟು 360. ಅಂದರೆ ಮೂರೂ ಬಾಣ ಒಂದೇ ದಿಕ್ಕಿಗೆ! ಈ ಅಲೆ ಫೇಸ್‌ಗೆ 2 ಆಂಪಿಯರ್‌ನಂತೆ ಇದ್ದರೆ ನ್ಯೂಟ್ರಲ್‌ನಲ್ಲಿ 6 ಆಂಪಿಯರ್. ಸುಮ್ನೆ ನೆಟ್ಟಗೆ ಕೂಡಿದ ಲೆಕ್ಕ. ಕಂಪ್ಯೂಟರ್ ತುಂಬಿದ ಕಟ್ಟಡಗಳಲ್ಲಿ ಎಷ್ಟೋ ಸಲ ಫೇಸ್ ವೈರಿಗಿಂತ ದಪ್ಪನೆಯ ನ್ಯೂಟ್ರಲ್ ಎಳೆಯುವುದು ಇದಕ್ಕೇ.